ಫಟಫಟಿಯ ಸಾಟಿ ಲಗ್ನ

ನಮ್ಮ ಬೆಟಗೇರಿಯ ಓಣಿಗೆ ಮೊಟ್ಟಮೊದಲ ಫಟಫಟಿ, ಅಂದರೆ ಮೋಟಾರ್ ಸೈಕಲ್ಲು, ಬಂದದ್ದು ನಮ್ಮ ಮನೆಗೆ. ಶಿರಹಟ್ಟಿಯ ಜನ ದಿನಾಲೂ ನಿನ್ನೆಯ ಪೇಪರು ಓದುತ್ತಿದ್ದರಲ್ಲ, ಅದೇ ಅದಕ್ಕೆ ಕಾರಣ.

ನಮ್ಮವರು, ಅಂದರೆ ನನ್ನ ಗಂಡ, ಪೇಪರಿನ ಏಜೆಂಟರು. ಹುಬ್ಬಳ್ಳಿಯಲ್ಲಿ ಅಚ್ಚಾದ ಪೇಪರಿನ ಗಂಟುಗಳು ಬೆಳಗಿನ ರೈಲಿಗೆ ಗದಗ ಸ್ಟೇಶನ್ನಿನಲ್ಲಿ ಇಳಿಯುತ್ತಿದ್ದವು. ಗದಗಿಗೂ ಬೆಟಗೇರಿಗೂ ಹಂಚಿ, ಸೈಕಲ್ಲು ತುಳಿದು ಮುಳಗುಂದ ಮುಟ್ಟಿ ಬರುವಷ್ಟರಲ್ಲಿ ಅವರ ಹೊಟ್ಟೆ ಬೆನ್ನಿಗೆ ಹತ್ತಿರುತ್ತಿತ್ತು. ಲಕ್ಷ್ಮೇಶ್ವರ, ಶಿರಹಟ್ಟಿಯ ಗಂಟುಗಳು ಸಂಜೆಯ ಬಸ್ಸು ಕಾಯಬೇಕು. ಅವು ಊರು ಮುಟ್ಟುವ ಹೊತ್ತಿಗೆ ಜನ ಉಂಡು ಹಾಸಿಗೆ ಹಾಸಿರುತ್ತಿದ್ದರು. ಹೀಗಾಗಿ ಗದಗಿನವರು ಜಗಳಾಡಿ ಮರೆತ ಸುದ್ದಿಗೆ ಶಿರಹಟ್ಟಿಯವರು ಮರುದಿನ ಹೊಸದಾಗಿ ಜಗಳಾಡುತ್ತಿದ್ದರು. ಆಗ ನನಗೆ ಓದು ಬರುತ್ತಿರಲಿಲ್ಲ. ಪೇಪರನ್ನು ನಾನು ಬಲ್ಲದ್ದು ತೂಕದಿಂದ, ವಾಸನೆಯಿಂದ. ಅಂದಿನ ಪೇಪರಿಗೆ ಮಸಿಯ ವಾಸನೆ, ಮರುದಿನದ ಪೇಪರಿಗೆ ಬಸ್ಸಿನ ವಾಸನೆ.

ನಾಡು ಒಂದಾಗುವ ವರ್ಷ ಅದು. ಹಿಂದೆಲ್ಲ ಗದಗು ಮುಂಬಯಿಯವರದು, ಶಿರಹಟ್ಟಿ ಸಾಂಗ್ಲಿಯವರದು, ಲಕ್ಷ್ಮೇಶ್ವರ ಮಿರಜದವರದು. ಒಂದೇ ದಿನ ಬುತ್ತಿ ಕಟ್ಟಿಕೊಂಡು ಹೊರಟರೆ ಮೂವರು ಧಣಿಗಳ ಸೀಮೆ ದಾಟಬೇಕಿತ್ತು. ಇನ್ನು ನವೆಂಬರ ಒಂದನೆಯ ತಾರೀಖಿಗೆ ಮುಂಡರಗಿಯಾಚೆಯ ಹೈದರಾಬಾದಿನ ಸೀಮೆಯೂ ಕೂಡಿ ಎಲ್ಲ ಒಂದಾಗುತ್ತದೆ ಎಂದು ಸುದ್ದಿ. ಅಂಥ ಹೊತ್ತಿನಲ್ಲಿ ಪೇಪರಿನ ಕಚೇರಿಯ ಸಾಹೇಬರು ಹುಬ್ಬಳ್ಳಿಯಿಂದ ನಮ್ಮ ಮನೆಗೆ ಬಂದು, ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಮೆತ್ತಗೆ ಹೇಳಿದರು:

"ನೋಡ್ರಿ ಕುಬೇರಪ್ಪ, ನಾಡು ಕೂಡಿದ ದಿನದ ಪೇಪರು ಆ ದಿನಾನ ಮಧ್ಯಾಹ್ನದೊಳಗ ಶಿರಹಟ್ಟಿ ಮುಟ್ಟಬೇಕು. ನಾನ ಖುದ್ದು ಅಲ್ಲೆ ಚಹಾದಂಗಡ್ಯಾಗ ಕುಂತಿರತೀನಿ. ಮುಟ್ಟಿಸಿದ್ರಿ, ಏಜೆನ್ಸಿ ನಿಮ್ಮದ. ಇಲ್ಲಾಂದ್ರ ಲಾರಿ ಇದ್ದವರಿಗೆ ಕೊಡತೀನಿ. ಸಿಟ್ಟಾಗಬ್ಯಾಡ್ರಿ."

ಸಾಹೇಬರು ಹೋದ ಮೇಲೆ ನಮ್ಮವರು ಸೈಕಲ್ಲಿನ ಹತ್ತಿರ ಹೋಗಿ ಅದರ ಗಾಲಿಯನ್ನು ಒಂದು ಸುತ್ತು ತಿರುಗಿಸಿದರು. ಅದು ನಿಲ್ಲುವವರೆಗೂ ನೋಡುತ್ತ ನಿಂತರು. ಹನ್ನೆರಡು ವರ್ಷದವರಿದ್ದಾಗಿನಿಂದ ಪೇಪರು ಹಂಚಿದವರು. ಬೇರೆ ಕೆಲಸ ಬರುತ್ತಿರಲಿಲ್ಲ ಎಂದಲ್ಲ, ಬೇರೆಯದು ಅವರಿಗೆ ರುಚಿಸುತ್ತಿರಲಿಲ್ಲ.

"ಫಟಫಟಿ ತಗೋಬೇಕು," ಎಂದರು.

ಅತ್ತೆ ಉಡಚವ್ವ ಒಳಗಿನಿಂದಲೇ, "ತಗೋ. ಹತ್ತಿ ಮಾರಿದ ರೊಕ್ಕ ಐತಲ್ಲ. ಆದ್ರ ನನ್ನ ತಮ್ಮನ್ನ ಕೇಳದ ತಗೋಬ್ಯಾಡ," ಎಂದರು.

ಅತ್ತೆಯ ತಮ್ಮ, ನಮ್ಮವರ ಸೋದರಮಾವ ಪುಂಡಲೀಕಪ್ಪ ಮುಂಡರಗಿಯವರು; ನಾನೂ ಅವರನ್ನು ಮಾವ ಎಂದೇ ಕರೆಯುತ್ತಿದ್ದೆ. ಎತ್ತು ಆರಿಸುವುದರಲ್ಲಿ ಸುತ್ತಿನ ಹಳ್ಳಿಗಳಲ್ಲಿ ಅವರದೇ ಕೊನೆಯ ಮಾತು. ಎತ್ತಿನ ಸುಳಿ ನೋಡಿ ಅದು ಯಾರ ಮನೆಯಲ್ಲಿ ಬಾಳುತ್ತದೆ, ಯಾರ ಮನೆಯಲ್ಲಿ ಬಾಳುವುದಿಲ್ಲ ಎಂದು ಹೇಳುವವರು. ಅವರು ಫಟಫಟಿಯನ್ನು ಮುಟ್ಟಿರಲಿಲ್ಲ. ಆದರೆ ಹಿರಿಯರನ್ನು ಬಿಟ್ಟು ಎತ್ತನ್ನೇ ಕೊಳ್ಳದ ಮನೆ ಫಟಫಟಿ ಕೊಂಡೀತೆ? ದಸರೆಯ ಮುಂದೆ ಅವರು ಹಸಿರು ರುಮಾಲು ಸುತ್ತಿಕೊಂಡು ಬಂದೇಬಿಟ್ಟರು. ಅವರು, ನಮ್ಮವರು, ಬುತ್ತಿಗಂಟು ಹಿಡಿದ ನಾನು, ಮೂವರೂ ಗದಗಿನ ಯಮನೂರಪ್ಪನ ಗ್ಯಾರೇಜಿಗೆ ಹೋದೆವು.

ಅಲ್ಲಿ ಮಾರುವ ಫಟಫಟಿಗಳು ಎರಡೇ ಇದ್ದವು. ಒಂದು ದೊಡ್ಡದು, ದಂಡಿನಲ್ಲಿ ದುಡಿದು ಬಂದದ್ದು, ಹಸಿರು ಮಾಸಿ ಎಮ್ಮೆಯ ಬಣ್ಣವಾಗಿತ್ತು. ಇನ್ನೊಂದು ಸಣ್ಣದು, ಕೆಂಪನೆಯದು, ದೊಡ್ಡದರ ಮಗ್ಗುಲಲ್ಲಿ ಆಡಿನ ಮರಿಯ ಹಾಗೆ ನಿಂತಿತ್ತು. ನಮ್ಮವರ ಕೈ ಮೊದಲು ಹೋದದ್ದು ಸಣ್ಣದರ ಮೇಲೆ. ಅದನ್ನು ನಾನು ಕಣ್ಣಾರೆ ಕಂಡೆ. ನಮ್ಮವರು ಎತ್ತರದಲ್ಲಿ ನನಗಿಂತ ಎರಡು ಬೆರಳು ಕಡಿಮೆ. ಅದರ ಮೇಲೆ ಕೂತರೆ ಎರಡೂ ಅಂಗಾಲು ನೆಲಕ್ಕೆ ಹತ್ತುತ್ತಿದ್ದವು.

"ಇಳಿಯಲೇ," ಎಂದರು ಮಾವ. "ಕರುವಿನ ಮ್ಯಾಲ ಯಾರರೆ ಹೇರು ಹೇರತಾರೇನ? ಎತ್ತಂದ್ರ ಮೊದಲ ಎದಿ ನೋಡಬೇಕು."

ದೊಡ್ಡದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಎಣ್ಣೆ ಟಾಕಿಯನ್ನು ಅಂಗೈಯಿಂದ ತಟ್ಟಿದರು. ಬಗ್ಗಿ ಹೊಟ್ಟೆ ನೋಡಿದರು. ಹಿಂದೆ ಹೋಗಿ ಹೊಗೆ ಬಿಡುವ ಕೊಳವೆಗೆ ಮೂಗು ಹಚ್ಚಿ ಮುಖ ಕಿವುಚಿದರು.

"ಹಲ್ಲೆಷ್ಟಪಾ ಇದಕ್ಕ?"

ಯಮನೂರಪ್ಪ ನಗು ತಡೆದುಕೊಂಡು, "ಹಲ್ಲೆಲ್ಲಾ ಒಳಗ ಅದಾವ್ರಿ, ಹೊಟ್ಯಾಗ," ಎಂದ.

"ಹಾಯತೈತೇನ?"

"ಹೊಡಿಯಾಕ ಬಂದವರಿಗೆ ಹಾಯೂದಿಲ್ರಿ. ಬರದವರಿಗೆ ಹೇಳಾಕ ಬರೂದಿಲ್ಲ. ನೋಡ್ರಿ ಯಜಮಾನ್ರ, ನಿಮ್ಮಳಿಯ ಇನ್ನೂ ಕಲಿಯಾಂವ. ಹೊಸಬರಿಗೆ ಸಣ್ಣದ ಪಾಡು. ಬಿದ್ರ ಒಬ್ಬನ ಎತ್ತಿ ನಿಲ್ಲಸಬಹುದು."

"ಬೀಳೂದನ್ನ ಮೊದಲ ಲೆಕ್ಕಾ ಹಾಕಿ ಎತ್ತು ಕೊಳ್ಳಾವ ಎಂಥಾ ಒಕ್ಕಲಿಗಪಾ?"

ಯಮನೂರಪ್ಪ ಕಿಕ್ಕು ಹೊಡೆದು ದೊಡ್ಡದನ್ನು ಚಾಲೂ ಮಾಡಿದ. ಗ್ಯಾರೇಜಿನ ತಗಡೆಲ್ಲ ನಡುಗಿತು. ಮಾವನ ಮುಖ ಅರಳಿತು. "ಕೇಳಿದೇನಲೇ ದನಿ! ಮುಳಗುಂದದಾಗ ಬಂದ್ರ ಶಿರಹಟ್ಟಿಗೆ ಕೇಳಬೇಕು." ಸಣ್ಣದರ ದನಿ ಹೊಲಿಗೆ ಯಂತ್ರದ ಹಾಗಿತ್ತು. ಅದನ್ನು ಅವರು ಕೇಳಿಯೂ ಕೇಳದ ಹಾಗೆ ರುಮಾಲು ಸರಿಪಡಿಸಿಕೊಂಡರು.

ವ್ಯಾಪಾರವೂ ಎತ್ತಿನ ಸಂತೆಯ ಹಾಗೇ ಆಯಿತು. ಮಾವ ಹೆಗಲ ಮೇಲಿನ ವಸ್ತ್ರ ಇಬ್ಬರ ಕೈಮೇಲೆ ಮುಚ್ಚಿ, ಬೆಲೆ ಹೇಳಲು ಯಮನೂರಪ್ಪನ ಬೆರಳು ಹಿಡಿದರು. ಒಳಗೆ ಏನು ನಡೆಯಿತೋ, ಯಮನೂರಪ್ಪ ಒಮ್ಮೆ ನಕ್ಕ, ಒಮ್ಮೆ ಅಳುವ ಹಾಗೆ ಮಾಡಿದ, ಕಡೆಗೆ ಆತು ಎಂದ. ಮಾವ ಅಷ್ಟಕ್ಕೆ ಬಿಡಲಿಲ್ಲ.

"ಹೂಡಿ ನೋಡೂ ಕರಾರು ಇರಲಿ ಮತ್ತ. ಹುಣ್ಣಿವಿತನಾ ಹೂಡತೀವಿ. ಜಗ್ಗಲಿಲ್ಲಂದ್ರ ಹೊಳ್ಳಿ ತಂದು ಕಟ್ಟತೀವಿ."

ಯಮನೂರಪ್ಪನೂ ಒಕ್ಕಲುತನದ ಮನೆಯಿಂದ ಬಂದವನೇ. "ಆತ್ರಿ ಯಜಮಾನ್ರ. ಒಪ್ಪದಿದ್ರ ತರ್ರಿ, ಸಣ್ಣದನ್ನ ಒಯ್ರಿ," ಎಂದ. ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ನಮ್ಮವರ ಮುಖದಲ್ಲೂ ಸ್ವಲ್ಪ ಕಳೆ ಬಂತು.

ಆದರೆ ನಾವು ಮನೆಯಲ್ಲಿದ್ದ ಅತ್ತೆಯನ್ನು ಮರೆತಿದ್ದೆವು.

ಯಮನೂರಪ್ಪ ತಾನೇ ಹೊಡೆದುಕೊಂಡು ಬಂದು ದೊಡ್ಡದನ್ನು ನಮ್ಮ ಬಾಗಿಲಿಗೆ ಬಿಟ್ಟು ಹೋದ. ನಾವು ಟಾಂಗಾದಲ್ಲಿ ಹಿಂದಿನಿಂದ ಬರುವಷ್ಟರಲ್ಲಿ ಅತ್ತೆ ಓಣಿಯ ಮುತ್ತೈದೆಯರನ್ನೆಲ್ಲ ಕೂಡಿಸಿದ್ದರು. ಹಿಡಿಕೆಗೆ ಚೆಂಡು ಹೂವಿನ ಮಾಲೆ, ದೀಪಕ್ಕೆ ಅರಿಷಿಣ ಕುಂಕುಮ, ಮುಂದಿನ ಗಾಲಿಗೆ ನೀರು. ಆರತಿ ಬೆಳಗಿ, ಕಾಯಿ ಒಡೆದು, ಪಕ್ಕದ ಮನೆಯ ಅಲ್ಮಾಸಬಿ ಹಿಂದಿನಿಂದ ನೂಕಲು, ಹೊಸ್ತಿಲು ದಾಟಿಸಿ ಪಡಸಾಲೆಯಲ್ಲಿ ನಿಲ್ಲಿಸಿಯೂ ಆಗಿತ್ತು.

"ಗೌರವ್ವ ಅಂತ ಹೆಸರಿಟ್ಟೇನಿ," ಎಂದರು ಅತ್ತೆ. ಮಾವ ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡರು. ಯಾಕೆಂದು ಆಗ ನನಗೆ ತಿಳಿಯಲಿಲ್ಲ.

ಮರುದಿನ ಊರ ಹೊರಗಿನ ಬಯಲಿನಲ್ಲಿ ಕಲಿಯಲು ಸುರು. ಯಮನೂರಪ್ಪ ಬಂದು ಕ್ಲಚ್ಚು, ಗೇರು, ಬ್ರೇಕು ಎಲ್ಲ ತೋರಿಸಿದ. ನಮ್ಮವರು ಅದರ ಮೇಲೆ ಹತ್ತಿ ಕೂತರೆ ಬಲಗಾಲಿನ ಹೆಬ್ಬೆರಳು ನೆಲಕ್ಕೆ ಹತ್ತುವಾಗ ಎಡಗಾಲು ಗಾಳಿಯಲ್ಲಿ. ಎಡಗಾಲು ಹತ್ತಿಸಿದರೆ ಬಲಗಾಲು ಗಾಳಿಯಲ್ಲಿ. ಹೇಗೋ ಕ್ಲಚ್ಚು ಬಿಟ್ಟರು. ಗೌರವ್ವ ಮುಗ್ಗರಿಸಿ ಮುಂದೆ ಹಾರಿದಳು. ನಮ್ಮವರು ಗಾಬರಿಯಾದರು. ಗಾಬರಿಯಾದಾಗ ಒಕ್ಕಲಿಗರ ಕೈ ಏನು ಮಾಡುತ್ತದೆ? ಹಗ್ಗ ಹಿಂದಕ್ಕೆ ಜಗ್ಗುತ್ತದೆ. ಎತ್ತು ನಿಲ್ಲುತ್ತದೆ. ಇವರು ಹಿಡಿಕೆ ಹಿಡಿದು ಹಿಂದಕ್ಕೆ ಜಗ್ಗಿದರು. ಜಗ್ಗಿದಷ್ಟೂ ಆಕ್ಸಿಲರೇಟರು ತಿರುಗಿ ಅದು ಹೆಚ್ಚು ಓಡಿತು.

"ಹೋ! ಹೋ!" ಎಂದು ಮಾವ ಹಿಂದಿನಿಂದ ಕೂಗುತ್ತ ಓಡಿದರು. "ಹೋ ಅನ್ನಲೇ ಕುಬೇರಾ, ಹೋ ಅನ್ನು!"

"ಹೋ ಅಂದ್ರ ಇದು ಕೇಳವಲ್ದೋ ಮಾಮಾ!"

ಗೌರವ್ವ ಯಾರ ಮಾತೂ ಕೇಳದೆ ಒಂದು ತಿಪ್ಪೆಗೆ ಹೋಗಿ ಮುಖ ಊರಿದಳು. ನಮ್ಮವರು ಅದರಾಚೆ ಹೋಗಿ ಮೆತ್ತಗೆ ಬಿದ್ದರು. ಏನೂ ಪೆಟ್ಟಾಗಲಿಲ್ಲ, ವಾಸನೆ ಮಾತ್ರ ಹೋಗಲಿಲ್ಲ. ಅವಳನ್ನು ಎತ್ತಿ ನಿಲ್ಲಿಸಲು ನಾಲ್ಕು ಜನ ಗಂಡಸರು ಬೇಕಾದರು. ಮರುದಿನವೂ ಬಿದ್ದರು. ಅದರ ಮರುದಿನವೂ. ದಿನವೂ ಎತ್ತಲು ಜನ ಕರೆಯುವುದೇ ಒಂದು ಕೆಲಸವಾಯಿತು. ಅಲ್ಮಾಸಬಿ, "ಕುಬೇರಣ್ಣಾ, ಶಿರಹಟ್ಟಿಗೆ ಹೋಗೂವಾಗ ಈ ನಾಲ್ಕು ಮಂದೀನೂ ಹಿಂದ ಹತ್ತಿಸ್ಕೊಂಡು ಹೋಗ," ಎಂದು ನಕ್ಕಳು. ನಮ್ಮವರೂ ನಕ್ಕರು, ಆದರೆ ಆ ರಾತ್ರಿ ರೊಟ್ಟಿ ಅರ್ಧಕ್ಕೇ ಬಿಟ್ಟರು.

"ಅವ್ವಾ," ಎಂದರು. "ಇದು ನನ್ನ ಕೈಗೆ ಹತ್ತೂದಿಲ್ಲ. ಕರಾರು ಐತಲ್ಲ, ಹೊಳ್ಳಿ ಕೊಟ್ಟು ಸಣ್ಣದ ತರತೀನಿ. ತಾರೀಖು ಸಮೀಪ ಬಂತು."

ಅತ್ತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. "ಏನಂದಿ? ಆರತಿ ಬೆಳಗಿ ಮನಿ ತುಂಬಿಸ್ಕೊಂಡಾಕಿನ್ನ ಹೊಳ್ಳಿ ಹೊಡಕೊಂಡು ಹೋಗೂದ? ಈ ಮನ್ಯಾಗ ಕುಂಕುಮ ಹಚ್ಚಿದ ಎತ್ತು ಯಾವತ್ತರೆ ಸಂತಿ ಕಂಡೈತೇನ?"

ನಮ್ಮವರು ಮಾವನ ಮುಖ ನೋಡಿದರು. ಮಾವ ನೆಲ ನೋಡಿದರು. "ಅಕ್ಕ ಹೇಳೂದು ಖರೆ ಐತೋ. ಆರತಿ ಆತಂದ್ರ ಕರಾರು ಮುರೀತು. ಅವತ್ತ ಬಾಗಲದಾಗ ಕಂಡಕೂಡ್ಲೆ ನನಗ ಗೊತ್ತಾತು. ಹೇಳಿದ್ರ ಅಕ್ಕ ಬೈತಾಳಂತ ಸುಮ್ಮನಾದೆ."

"ಇದು ಕಬ್ಬಿಣ ಮಾಮಾ!"

"ನೇಗಿಲಾನೂ ಕಬ್ಬಿಣನ. ಪೂಜಿ ಮಾಡೂದಿಲ್ಲೇನ ನೀ?"

ನಮ್ಮವರು ತಟ್ಟೆ ಸರಿಸಿ ಎದ್ದರು. ಅತ್ತೆ ಕೆಟ್ಟವರಲ್ಲ. ಒಮ್ಮೆ ಮನೆಗೆ ಕರೆದುಕೊಂಡದ್ದನ್ನು ಬೇಡವೆನ್ನುವುದು ಅವರ ಕೈಯಿಂದ ಆಗದು, ಅಷ್ಟೇ. ನಾನು ಬಾಗಿಲ ಮರೆಯಲ್ಲಿ ನಿಂತು ಗೌರವ್ವನನ್ನೇ ನೋಡಿದೆ. ಮುಡಿದ ಹೂ ಬಾಡಿದ್ದರೂ ಪಡಸಾಲೆಯ ಅರ್ಧ ಹಿಡಿದು ಠೀವಿಯಿಂದ ನಿಂತಿದ್ದಳು. ಆಗ ನನಗೆ ನಮ್ಮ ಮನೆಯದೇ ಒಂದು ಮಾತು ನೆನಪಾಯಿತು. ನಾನು ಆ ಮನೆಗೆ ಬಂದದ್ದು ಸಾಟಿಯಾಗಿ. ನಮ್ಮವರ ತಂಗಿ ಮಂಜವ್ವನನ್ನು ಕಳಸಾಪುರದ ನಮ್ಮ ಅಣ್ಣನಿಗೆ ಕೊಟ್ಟು, ಅವಳ ಬದಲಿಗೆ ನನ್ನನ್ನು ಇಲ್ಲಿಗೆ ತಂದಿದ್ದರು. ಒಂದೇ ಹಂದರ, ಎರಡು ಲಗ್ನ.

"ಅತ್ತೀ, ಒಂದ ಮಾತು ಕೇಳಲೇನ್ರಿ?" ಎಂದೆ. "ಮನಿ ತುಂಬಿಸ್ಕೊಂಡಾಕಿನ್ನ ಮಾರಬಾರದು, ಖರೆ. ಆದ್ರ ಉಡಿ ತುಂಬಿ ಇನ್ನೊಂದು ಮನಿಗೆ ಕೊಡಬಹುದಲ್ರಿ? ನೀವು ಮಂಜವ್ವನ್ನ ಕೊಟ್ಟು ನನ್ನ ತಂದಂಗ?"

ಮಾವನಿಗೆ ಮೊದಲು ತಿಳಿಯಿತು. "ಅಯ್ಯ, ಎತ್ತಿಗೆ ಸಾಟಿ ಲಗ್ನಾ ಮಾಡ್ತೀಯೇನಬೇ ತಂಗಿ?"

"ಯಾರೋ ಎತ್ತು ಅಂದಾವ್ರು?" ಎಂದು ಅತ್ತೆ ತಿರುಗಿಬಿದ್ದರು. "ಮೀಸಿ ಐತೇನ ಆಕಿಗೆ? ಗೌರವ್ವ ಅಂತ ಕರದೇನಿ ನಾನು." ಆಮೇಲೆ ನನ್ನ ಕಡೆ ನೋಡಿ, ದನಿ ಇಳಿಸಿ ಕೇಳಿದರು: "ಬೀಗರು ಎಂಥಾವ್ರಬೇ? ಆಕಿನ್ನ ಪಾಡಾಗಿ ನೋಡಕೋತಾರೇನ?"

"ಯಮನೂರಪ್ಪಗ ಆಕಿನ್ನ ಬಿಟ್ರ ಬ್ಯಾರೆ ಧ್ಯಾನ ಇಲ್ರೀ ಅತ್ತಿ. ದಿನಾ ಒರಸತಾನ."

"ಹಂಗಾರ ಬರಾಕ ಹೇಳ. ಸುಮ್ನ ಬರಬಾರದು, ಬೀಗರು ಬಂದಂಗ ಬರಬೇಕು."

ಯಮನೂರಪ್ಪ ಈ ಮಾತು ಕೇಳಿ ಗ್ಯಾರೇಜಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಣ್ಣೀರು ಬರುವಂತೆ ನಕ್ಕ. ಆದರೆ ಅವನ ತಾಯಿ ದೇವವ್ವ ನಗಲಿಲ್ಲ. "ಅದರಾಗ ನಗೂದೇನ ಐತೋ? ರೀತಿ ಐತಿ ಅದಕ್ಕ," ಎಂದು ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದಳು.

ಸೀಗಿ ಹುಣ್ಣಿಮೆಯ ದಿನ ಬಂದರು. ಮುಂದೆ ಕೆಂಪು ಸಣ್ಣದರ ಮೇಲೆ ಯಮನೂರಪ್ಪ, ಹಿಂದೆ ಟಾಂಗಾದಲ್ಲಿ ತಟ್ಟೆ ಹಿಡಿದ ದೇವವ್ವ. ಓಣಿಯ ಜನವೆಲ್ಲ ಕಟ್ಟೆ ಹತ್ತಿ ನಿಂತಿತ್ತು. ಇಬ್ಬರು ಮುದುಕಿಯರೂ ಎದುರುಬದುರು ಚಾಪೆಯ ಮೇಲೆ ಕೂತು, ನಿಜವಾದ ಬೀಗಿತ್ತಿಯರೇ ನಾಚುವಂತೆ ಮಾತಿಗೆ ಸುರು ಮಾಡಿದರು.

"ನಮ್ಮ ಗೌರವ್ವ ದೊಡ್ಡ ಮನಿತನದಾಕಿರಿ," ಎಂದರು ಅತ್ತೆ. "ದಂಡಿನಾಗ ತಿರಗ್ಯಾಡಿ ಬಂದಾಕಿ."

"ಬರಲಿ ಬಿಡ್ರಿ. ಆದ್ರ ಭಾಳ ಕುಡೀತಾಳಂತ ಊರೆಲ್ಲಾ ಸುದ್ದಿ ಐತಲ್ರಿ?"

"ನಿಮ್ಮಾಕಿ ಏನ್ ಉಪಾಸ ಇರತಾಳೇನ್ರಿ?"

"ನಮ್ಮಾಕಿ ಕಡಿಮಿ ಉಣ್ಣಾಕಿ, ಭಾಳ ದುಡಿಯಾಕಿ. ಮೈ ಸಣ್ಣ, ಗುಣ ದೊಡ್ಡದು. ನಿಮ್ಮಾಕಿನ್ನ ಎಬ್ಬಸಾಕ ನಾಕ ಮಂದಿ ಬೇಕಂತಲ್ರಿ, ಬೀಗತಿ?"

ಓಣಿ ಗೊಳ್ಳೆಂದಿತು. ಅತ್ತೆಯೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಗು ಬಂದ ಮೇಲೆ ಎಲ್ಲ ಹಗುರಾಯಿತು. ಗೌರವ್ವನ ಟಾಕಿಯ ಮೇಲೆ ಖಣ ಹಾಸಿ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ ಇಟ್ಟು ಉಡಿ ತುಂಬಿದರು. "ಹೋಗಿ ಬಾ ತಾಯಿ, ಯಾರಿಗೂ ಹಾಯಬ್ಯಾಡ," ಎಂದು ತಲೆಯ ದೀಪ ಸವರಿದರು. ಯಮನೂರಪ್ಪ ಕಿಕ್ಕು ಹೊಡೆದ. ತವರು ಬಿಡುವವಳ ಹಾಗೆ ಅವಳು ಓಣಿಯುದ್ದಕ್ಕೂ ಗೋಳಾಡುತ್ತ ಹೋದಳು.

ಇನ್ನು ಸೊಸೆಯ ಸರದಿ. ಹೊಸ್ತಿಲ ಮೇಲೆ ಸೇರಿನಲ್ಲಿ ಅಕ್ಕಿ ತುಂಬಿಟ್ಟಿದ್ದೆ. ನಮ್ಮವರು ಕೆಂಪನೆಯ ಫಟಫಟಿಯನ್ನು ಮೆಲ್ಲಗೆ ನೂಕಿ ಮುಂದಿನ ಗಾಲಿಯನ್ನು ಸೇರಿಗೆ ತಾಗಿಸಿದರು. ಅಕ್ಕಿ ಒಳಮುಖವಾಗಿ ಚೆಲ್ಲಿತು. ಹೆಂಗಸರು ಚಪ್ಪಾಳೆ ಹೊಡೆದರು. ಮಾವ ಬಾಗಿಲಲ್ಲಿ ನಿಂತು ಅದರ ಟಾಕಿಯನ್ನು ಗುಟ್ಟಾಗಿ ಒಮ್ಮೆ ತಟ್ಟಿ ನೋಡಿದ್ದನ್ನು ನನ್ನನ್ನು ಬಿಟ್ಟು ಯಾರೂ ನೋಡಲಿಲ್ಲ.

ಸಣ್ಣದರ ಮೇಲೆ ನಮ್ಮವರು ಬೀಳಲಿಲ್ಲ ಎಂದಲ್ಲ. ಬಿದ್ದರು. ಆದರೆ ಬಿದ್ದವರು ತಾವೇ ಎದ್ದು, ಅದನ್ನೂ ತಾವೇ ಎತ್ತಿ, ಧೂಳು ಕೊಡವಿ ಮತ್ತೆ ಹತ್ತುತ್ತಿದ್ದರು. ಭಯ ಬಂದಾಗ ಕಾಲು ಊರಿದರೆ ನೆಲ ಸಿಗುತ್ತಿತ್ತು. ಹಿಡಿಕೆ ಜಗ್ಗುವ ಚಟ ಎರಡು ದಿನಕ್ಕೆ ಬಿಟ್ಟಿತು. ವಾರ ಕಳೆಯುವುದರೊಳಗೆ ಮುಳಗುಂದಕ್ಕೆ ಹೋಗಿ, ಉಣ್ಣುವ ಹೊತ್ತಿಗೆ ಮನೆಗೆ ಬಂದರು. ಬಂದವರೇ ನನ್ನನ್ನು ಹಿತ್ತಲಿಗೆ ಕರೆದು, "ಬಸವಣ್ಣೆವ್ವಾ, ಗಾಳಿ ಕಿವ್ಯಾಗ ಹಾಡತೈತಬೇ," ಎಂದರು. ಅವರು ಹಾಗೆ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಒಂದನೆಯ ತಾರೀಖು ಬಂತು. ಹಿಂದಿನ ದಿನ ಸಂಜೆ ಮಳೆ ಹೊಡೆದಿತ್ತು. ಗಂಟು ಕಟ್ಟಲು ಹಿಂದೆ ಕಬ್ಬಿಣದ ಚೌಕಟ್ಟು ಮಾಡಿಕೊಡುತ್ತೇನೆ ಎಂದಿದ್ದ ಕಮ್ಮಾರ ಹಬ್ಬದ ಗದ್ದಲದಲ್ಲಿ ಕೈಕೊಟ್ಟಿದ್ದ. ಗಂಟು ಹಿಡಿಯುವವರು ಯಾರು?

"ಯಾರಂದ್ರ? ನೀ ಹತ್ತ," ಎಂದರು ಅತ್ತೆ ನನಗೆ. "ಕಚ್ಚಿ ಗಟ್ಟಿ ಹಾಕ್ಕೊ. ಗಂಟು ಬಿಟ್ಟಿ ಅಂದ್ರ ನನ್ನ ಮಾರಿ ನೋಡಬ್ಯಾಡ."

ಕಚ್ಚೆ ಸೀರೆ ಉಟ್ಟವಳಿಗೆ ಎರಡೂ ಕಡೆ ಕಾಲು ಹಾಕಿ ಕೂರುವುದೇನು ಕಷ್ಟ? ಸ್ಟೇಶನ್ನಿನಲ್ಲಿ ಗಂಟು ಇಳಿಸಿಕೊಂಡು, ಅದನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡು ಅಪ್ಪಿ ಹಿಡಿದೆ. ಮಸಿಯ ವಾಸನೆ ಮೂಗಿಗೆ ಬಡಿಯಿತು. ಮುಳಗುಂದದಲ್ಲಿ ಜನ ಪೇಪರು ತೆಗೆದುಕೊಳ್ಳುವುದನ್ನು ಬಿಟ್ಟು ನನ್ನನ್ನೇ ನೋಡಿದರು. ಲಕ್ಷ್ಮೇಶ್ವರದ ಪೇಟೆಯಲ್ಲಿ ಒಬ್ಬ ಅಜ್ಜ, "ಸ್ವರಾಜ್ಯ ಬಂದದ್ದು ಇವತ್ತ ಖಾತ್ರಿ ಆತು ನೋಡ," ಎಂದ. ನನಗೆ ಹೊಗಳಿಕೆಯೋ ಬೈಗಳೋ ತಿಳಿಯಲಿಲ್ಲ, ಹೊಗಳಿಕೆ ಎಂದೇ ಇಟ್ಟುಕೊಂಡೆ.

ಅಡರಕಟ್ಟಿಯ ಕಡೆಯ ಎರೆಹೊಲಗಳ ನಡುವೆ ಬಂದಾಗ ಒಂದು ಹಳ್ಳ ಎದುರಾಯಿತು. ನೀರು ಹೆಚ್ಚಿರಲಿಲ್ಲ, ಕೆಸರು ಹೆಚ್ಚಿತ್ತು. ಎರೆಯ ಕೆಸರೆಂದರೆ ಹಿಡಿದದ್ದನ್ನು ಬಿಡುವ ಜಾತಿಯಲ್ಲ. ನಡುವಿಗೆ ಹೋಗುತ್ತಲೇ ಗಾಲಿಗೂ ತಗಡಿಗೂ ನಡುವೆ ಅದು ತುಂಬಿ, ಫಟಫಟಿ ಗುರ್ರೆಂದು ನಿಂತುಬಿಟ್ಟಿತು. ಸುತ್ತಲೂ ಬಿತ್ತಿದ ಹೊಲ. ಒಂದು ನರಪಿಳ್ಳೆ ಇಲ್ಲ. ಹೊತ್ತು ಏರುತ್ತಿತ್ತು. ನಮ್ಮವರು ಕೆಸರಿಗೆ ಇಳಿದು ಸೂರ್ಯನ ಕಡೆ ನೋಡಿದರು.

"ಸಾಹೇಬ್ರು ಕುಂತಿರತಾರ," ಎಂದರು.

"ಕುಂತಿರಲಿ ರೀ. ಮೊದಲ ಪೇಪರ ದಾಟಸೂಣು," ಎಂದು ನಾನು ಗಂಟನ್ನು ತಲೆಯ ಮೇಲಿಟ್ಟುಕೊಂಡು ಹಳ್ಳ ದಾಟಿ, ಒಣ ಕಲ್ಲಿನ ಮೇಲೆ ಇಟ್ಟು ಬಂದೆ. ಆಮೇಲೆ ಮುಂದಿನ ಗಾಲಿ ಅವರು ಹಿಡಿದರು, ಹಿಂದಿನದನ್ನು ನಾನು ಹಿಡಿದೆ. ಎತ್ತಿ ನಾಲ್ಕು ಹೆಜ್ಜೆ, ಇಟ್ಟು ಒಂದು ಉಸಿರು. ಹಾಗೆಯೇ ಆ ದಂಡೆ ಸೇರಿಸಿದೆವು. ಕಡ್ಡಿಯಿಂದ ಕೆಸರು ಕೆರೆಯುತ್ತ ಅವರು ಕೇಳಿದರು:

"ಗೌರವ್ವ ಇದ್ದಿದ್ರ?"

"ಇಲ್ಲೇ ಒಂದು ಗುಡಿ ಕಟ್ಟಸಬೇಕಾಗತಿತ್ತರಿ."

ಮೊಳಕಾಲವರೆಗೆ ಎರೆ ಮೆತ್ತಿಕೊಂಡು ಇಬ್ಬರೂ ಆ ಬಯಲಿನಲ್ಲಿ ನಗುತ್ತ ನಿಂತೆವು. ಎರಡನೆಯ ಕಿಕ್ಕಿಗೆ ಚಾಲೂ ಆಯಿತು.

ಶಿರಹಟ್ಟಿಯ ಚಹಾದಂಗಡಿ ಅಂದಾನಪ್ಪ ಎಂಬ ಹಿರಿಯರದು. ಸಾಹೇಬರು ಒಳಗಿನ ಬಾಕಿನ ಮೇಲೆ ಕೂತು ರಸ್ತೆಯನ್ನೇ ನೋಡುತ್ತಿದ್ದರು. ನಮ್ಮನ್ನು ಕಂಡು ಎದ್ದು ನಿಂತರು. ಅಷ್ಟರಲ್ಲಿ ಅಂದಾನಪ್ಪನವರು ಗಂಟಿನಿಂದ ಒಂದು ಪೇಪರು ಜಗ್ಗಿ ಕಣ್ಣಿಗೆ ಹಿಡಿದುಕೊಂಡರು. ಮೇಲಿನ ತಾರೀಖು ಓದಿ ಹಣೆ ಬಡಿದುಕೊಂಡರು.

ಶಿರಹಟ್ಟಿಯಲ್ಲಿ ಪೇಪರಿನ ತಾರೀಖಿಗೆ ಒಂದು ಕೂಡಿಸಿ ಓದುವುದು ರೂಢಿ. ಪೇಪರಿನಲ್ಲಿ ಐದು ಎಂದಿದ್ದರೆ ಊರಲ್ಲಿ ಆರು.

"ಅಯ್ಯಯ್ಯೋ, ಒಂದನೇ ತಾರೀಖು ಆಗಿಹೋತಲ್ಲೋ!" ಎಂದು ಕೂಗಿದರು. "ನಾಡು ಕೂಡಿದ್ದು ನಿನ್ನೀನ! ನಾವು ತಿಳೀದ ಸುಮ್ಮನ ಮಲಕ್ಕೊಂಡೇವಿ! ಒಂದು ತೋರಣ ಕಟ್ಟಲಿಲ್ಲ, ಒಂದು ಸಕ್ಕರಿ ಹಂಚಲಿಲ್ಲ, ಎಂಥಾ ಊರಲೇ ನಮ್ಮದು!"

ಕೂತಿದ್ದವರೆಲ್ಲ ಗಾಬರಿಯಾಗಿ ಎದ್ದರು. ನಮ್ಮವರು ಕೆಸರುಗಾಲಲ್ಲೇ ಮುಂದೆ ಬಂದು, "ಇಲ್ರೀ ಯಜಮಾನ್ರ, ಇದು ಇವತ್ತಿಂದ," ಎಂದರು.

"ಇವತ್ತಿಂದು ಇವತ್ತ ಹೆಂಗ ಬರತೈತೋ?"

"ತಂದೀವಲ್ರಿ."

ಅಂದಾನಪ್ಪನವರು ಪೇಪರಿನ ಮೇಲೆ ಹೆಬ್ಬೆರಳು ತಿಕ್ಕಿದರು. ಬೆರಳಿಗೆ ಮಸಿ ಹತ್ತಿತು. ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು, ಸಾಹೇಬರ ಮುಖ ನೋಡಿದರು, ಆಮೇಲೆ ಫಟಫಟಿಯನ್ನು ನೋಡಿದರು. "ಹಂಗಾರ ಇವತ್ತ ಇನ್ನೂ ಮುಗದಿಲ್ಲ!" ಎಂದು ಅಂಗಡಿಯ ಹೊರಗೆ ಓಡಿದರು. "ಏ, ಮಾವಿನ ತೊಪ್ಪಲಾ ತರ್ರಲೇ! ಜಲ್ದಿ ತರ್ರಿ! ಹೊತ್ತು ಇನ್ನೂ ನೆತ್ತಿ ಮ್ಯಾಲ ಬಂದಿಲ್ಲ!"

ಊರು ಎದ್ದ ಗದ್ದಲದಲ್ಲಿ ಯಾರೋ ನಮಗೂ ಚಹಾ ಕೊಟ್ಟರು, ಯಾರೋ ನನ್ನ ಕೈಗೆ ಸಕ್ಕರೆ ಸುರಿದರು. ಸಾಹೇಬರು ತಮ್ಮ ಬಸಿಯ ಚಹಾ ಮುಗಿಸಿ, ನಮ್ಮವರ ಹೆಗಲ ಮೇಲೆ ಕೈ ಇಟ್ಟರು.

"ಏಜೆನ್ಸಿ ನಿಮ್ಮದ ಆತ್ರಿ ಕುಬೇರಪ್ಪ. ನಾಳೆ?"

ನಮ್ಮವರು ಬಾಯಿತುಂಬ ಸಕ್ಕರೆ ಇಟ್ಟುಕೊಂಡೇ ಹೇಳಿದರು:

"ನಾಳಿಂದು ನಾಳೆ ತರತೇನ್ರಿ."